ಹೋಟೆಲ್ ಪಾರ್ಕಿಂಗ್‌ಗೆ 100 ಪೌಂಡ್ ಚೀಟಿ: ಕಟ್ಟಿದವರು, ಕಟ್ಟದೆ ಗೆದ್ದವರು ಹೇಳಿ

ಮಿಲ್ಟನ್ ಕೀನ್ಸ್ ಮಂದಿ: ಅಮ್ಮನ ಅರವತ್ತಕ್ಕೆ ಎಂಟು ಜನ ಊಟಕ್ಕೆ ಹೋಗಿದ್ದೆವು. 90 ನಿಮಿಷ ಫ್ರೀ, ನಾವಿದ್ದದ್ದು 2 ಗಂಟೆ 14 ನಿಮಿಷ. ಕೌಂಟರ್‌ನ ಟ್ಯಾಬ್ಲೆಟ್‌ನಲ್ಲಿ ಗಾಡಿ ನಂಬರ್ ಹಾಕಬೇಕಿತ್ತಂತೆ, ಯಾರೂ ಹೇಳಲಿಲ್ಲ. ಈಗ ಪಾರ್ಕಿಂಗ್ ನೋಡಿಕೊಳ್ಳುವ ಖಾಸಗಿ ಕಂಪನಿಯಿಂದ ಮನೆಗೆ ಕಾಗದ ಬಂದಿದೆ. 14 ದಿನದೊಳಗೆ 60, ಆಮೇಲೆ 100. ಊಟದ ಬಿಲ್ ಇಟ್ಟುಕೊಂಡಿದ್ದೇನೆ. ಅನುಭವ ಇದ್ದವರು ಹೇಳಿ.

ಹೌನ್ಸ್ಲೋ ಹಾಸನದವ: 60 ಕಟ್ಟಿ ಮಲಗಿ ಸರ್. ನಾನು ಕಟ್ಟಲಿಲ್ಲ. "ಅದು ಬರೀ ಬಿಲ್ಲು, ಕಸದ ಬುಟ್ಟಿಗೆ ಹಾಕು" ಎಂದ ಆಫೀಸಿನ ಗೆಳೆಯನ ಮಾತು ಕೇಳಿದೆ. ಅಷ್ಟರಲ್ಲಿ ಸ್ಲೌನಿಂದ ಮನೆ ಬದಲಾಯಿಸಿದೆ. ಲಾಗ್‌ಬುಕ್‌ನಲ್ಲಿ (ಗಾಡಿಯ ನೋಂದಣಿ ಪತ್ರ) ವಿಳಾಸ ಬದಲಿಸಲು ಮರೆತೆ. ಕೋರ್ಟ್ ಕಾಗದ ಹಳೇ ಮನೆಗೆ ಹೋಯಿತು, ಆ ಮನೆಯವರು ತೆಗೆದೂ ನೋಡಲಿಲ್ಲ. 2022ರಲ್ಲಿ ಮನೆ ಸಾಲಕ್ಕೆ ಅರ್ಜಿ ಹಾಕಿದಾಗಲೇ ಗೊತ್ತಾಗಿದ್ದು, ನನ್ನ ಹೆಸರಲ್ಲಿ ಸಿಸಿಜೆ, ಅಂದರೆ ಬಾಕಿ ಕಟ್ಟಬೇಕು ಅಂತ ಕೋರ್ಟ್ ಕೊಟ್ಟ ತೀರ್ಪು, ಇದೆ ಅಂತ. ಅದು ನಮ್ಮ ಸಾಲದ ದಾಖಲೆಯಲ್ಲಿ ಆರು ವರ್ಷ ಕೂತಿರುತ್ತದೆ. ತೀರ್ಪು ರದ್ದು ಮಾಡಿಸುವ ಅರ್ಜಿಗೇ ಆಗ 275 ಪೌಂಡ್, ಒಂದು ದಿನದ ರಜೆ, ಸೂಟಿನ ಡ್ರೈಕ್ಲೀನಿಂಗ್ 14. ರದ್ದಾಯಿತು, ಆದರೆ ನೋಡಿದ್ದ ಮನೆ ಅಷ್ಟರಲ್ಲಿ ಬೇರೆಯವರ ಪಾಲಾಗಿತ್ತು. ನನ್ನ ಹೆಂಡತಿ ಇವತ್ತಿಗೂ ಆ ಬೀದಿಯಲ್ಲಿ ಹೋಗುವುದಿಲ್ಲ.

ಲೆಸ್ಟರ್ ಶಿವಮೊಗ್ಗ: ನಿಮ್ಮದು ವಿಳಾಸದ ತಪ್ಪು ಅಣ್ಣ. ಅದಕ್ಕೆ ಎಲ್ಲರೂ ಯಾಕೆ ದುಡ್ಡು ಕಟ್ಟಬೇಕು? ನಾನು 2023ರಲ್ಲಿ ಪೋಪ್ಲಾದಲ್ಲಿ (ಇಂಥ ಚೀಟಿಗಳ ಮೇಲ್ಮನವಿ ಕೇಳುವ ಸಂಸ್ಥೆ) ಗೆದ್ದೆ. ನನ್ನದೂ ಕ್ಯಾಮೆರಾದಲ್ಲಿ ನಂಬರ್ ನೋಡಿ ಮನೆಗೆ ಕಾಗದ ಕಳಿಸಿದ ಕೇಸೇ. ಮಾರ್ಚ್ 3ಕ್ಕೆ ನಿಲ್ಲಿಸಿದ್ದು, ಕಾಗದದ ಮೇಲಿನ ತಾರೀಖೇ 18. 2012ರ ಕಾಯ್ದೆಯ ಪ್ರಕಾರ ಗಾಡಿಯ ಕೀಪರ್ (ಲಾಗ್‌ಬುಕ್‌ನಲ್ಲಿ ಹೆಸರಿರುವವರು) ತಲೆಗೆ ಕಟ್ಟಬೇಕಾದರೆ 14 ದಿನದೊಳಗೆ ಕಾಗದ ಕೈಸೇರಬೇಕು. ಹನ್ನೊಂದು ಪುಟ ಬರೆದೆ, ಎಲ್ಲ ಕಡೆ "ಗಾಡಿಯ ಕೀಪರ್" ಅಂತಲೇ. ಯಾರು ಓಡಿಸಿದ್ದು ಅಂತ ಒಂದು ಸಲವೂ ಬಾಯಿ ಬಿಡಲಿಲ್ಲ, ಹೇಳಿದರೆ ನೇರ ಓಡಿಸಿದವರನ್ನೇ ಹಿಡಿಯುತ್ತಾರೆ. ನಮ್ಮ ಯಜಮಾನರು ಮಧ್ಯೆ ಬಂದು "ನಾನು ಪಾರ್ಕ್ ಮಾಡಿದೆ" ಅಂತ ಟೈಪ್ ಮಾಡಿಬಿಟ್ಟಿದ್ದರು! ಕಳಿಸುವ ಮೊದಲು ಕಣ್ಣಿಗೆ ಬಿತ್ತು, ಪುಣ್ಯ.

ಹೌನ್ಸ್ಲೋ ಹಾಸನದವ: ಅವರು ತಡ ಮಾಡಿದ್ದು ನಿಮ್ಮ ಅದೃಷ್ಟ ಮೇಡಂ.

ಲೆಸ್ಟರ್ ಶಿವಮೊಗ್ಗ: ಅದೃಷ್ಟ ಅಲ್ಲ, ಕೂತು ಓದಿದ್ದು. ಮೂರು ಭಾನುವಾರ.

ಗ್ಲಾಸ್ಗೋ ಗೌಡ: ಸ್ಕಾಟ್ಲೆಂಡ್‌ಗೆ ಬನ್ನಿ, ಕಾಯ್ದೆಯಲ್ಲಿ ಕೀಪರ್ ಹೊಣೆ ಅನ್ನುವ ಆ ಭಾಗವೇ ಇಲ್ಲಿಲ್ಲ. ನಾನು ನಾಲ್ಕು ಕಾಗದ ಫ್ರಿಜ್ ಮೇಲೆ ಅಂಟಿಸಿದ್ದೇನೆ.

ಲೂಟನ್ ಲಾಯರ್ ಅಲ್ಲ: ಕೇಳಿದವರು ಮಿಲ್ಟನ್ ಕೀನ್ಸ್‌ನವರು ಗೌಡ್ರೇ. ನಿಮ್ಮ ಫ್ರಿಜ್ ಕಟ್ಟಿಕೊಂಡು ಏನು ಮಾಡಲಿ? ಡಂಡಿಯಲ್ಲಿ 2017ರಲ್ಲಿ ಇಂಥ ಚೀಟಿಗಳನ್ನು ಕಟ್ಟದ ಒಬ್ಬರಿಗೆ 24,500 ಪೌಂಡ್ ಬಿದ್ದದ್ದು ನಿಮ್ಮ ಸ್ಕಾಟ್ಲೆಂಡ್‌ನಲ್ಲೇ ಅಲ್ವಾ?

ನಾನು ಕೋರ್ಟಿನ ತನಕ ಹೋಗಿ ಸೋತವ. "ನಷ್ಟವೇ ಆಗದೆ ದಂಡ ಯಾಕೆ" ಅಂತ ವಾದ ಮಾಡಿದೆ. ಜಡ್ಜ್ ಬೀವಿಸ್ ಕೇಸ್ ಹೆಸರು ಹೇಳಿದರು, ಮುಗೀತು. ಚೆಮ್ಸ್‌ಫರ್ಡ್‌ನಲ್ಲಿ ಎರಡು ಗಂಟೆಯ ಮೇಲೆ 56 ನಿಮಿಷ ನಿಂತದ್ದಕ್ಕೆ 85 ಪೌಂಡ್ ಸರಿ ಅಂತ 2015ರಲ್ಲೇ ಸುಪ್ರೀಂ ಕೋರ್ಟ್ ಹೇಳಿಬಿಟ್ಟಿದೆ. ನನ್ನ ಲೆಕ್ಕ: ಮೂಲ 100, ಕೇಸ್ ಫೀ 35, ಅವರ ವಕೀಲರದ್ದು 50, ವಿಚಾರಣೆ ಫೀ 27. ಸಾಲ ವಸೂಲಿ ಅಂತ ಸೇರಿಸಿದ್ದ 70 ಜಡ್ಜ್ ತೆಗೆದುಹಾಕಿದರು, ಅದೊಂದೇ ಸಮಾಧಾನ. ಒಟ್ಟು 212, ಮೇಲೆ ಬಡ್ಡಿ. ಕೋರ್ಟ್ ಪಕ್ಕ ಗಾಡಿ ನಿಲ್ಲಿಸಿದ್ದಕ್ಕೆ 9 ಪೌಂಡ್ 40.

ಲೆಸ್ಟರ್ ಶಿವಮೊಗ್ಗ: ಅದೇ ಹಳೇ ವಾದ ಹಿಡಿದು ಹೋದರೆ ಸೋಲದೆ ಇನ್ನೇನು? ಬೋರ್ಡಿನ ಫೋಟೋ ತೆಗೆದಿದ್ದಿರಾ? ರಾತ್ರಿ ಹೊತ್ತು ಅಕ್ಷರ ಕಾಣುತ್ತದಾ ಅಂತ ನೋಡಿದಿರಾ?

ಲೂಟನ್ ಲಾಯರ್ ಅಲ್ಲ: ಮನೆಯಲ್ಲಿ ಕೂತು ಟೈಪ್ ಮಾಡಿದವರು ಜಡ್ಜ್ ಮುಂದೆ ನಿಂತವನಿಗೆ ಪಾಠ ಹೇಳಬೇಡಿ ಮೇಡಂ.

ಹೌನ್ಸ್ಲೋ ಹಾಸನದವ: ಅಲ್ಲ, ಎರಡೂಕಾಲು ಗಂಟೆ ಏನು ಊಟ ಸರ್? ಮದುವೆ ಊಟಕ್ಕೂ ಮೂರು ಪಂಕ್ತಿ ಏಳುತ್ತವೆ ಅಷ್ಟರಲ್ಲಿ.

ಮಿಲ್ಟನ್ ಕೀನ್ಸ್ ಮಂದಿ: ಊಟ ಬರಲಿಕ್ಕೇ 50 ನಿಮಿಷ ಆಯಿತು ಸರ್. ಅಮ್ಮನ ಕೈಲಿ ಕೇಕ್ ಕತ್ತರಿಸಿದ್ದೂ ತಪ್ಪಾ?

ಟ್ರೇ ಹೊತ್ತವ: ನಾನು ಅಂಥ ಹೋಟೆಲ್‌ನಲ್ಲೇ ಎರಡು ವರ್ಷ ಕೆಲಸ ಮಾಡಿದ್ದೇನೆ. ಬಿಲ್ ಹಿಡಿದು ಮ್ಯಾನೇಜರ್ ಹತ್ತಿರ ಮೊದಲು ಹೋಗಿ. ನಮ್ಮಲ್ಲಿ ಮ್ಯಾನೇಜರ್ ಈಮೇಲ್ ಹಾಕಿದರೆ ಕಂಪನಿಯವರು ರದ್ದು ಮಾಡುತ್ತಿದ್ದರು. ಆದರೆ ಮೊದಲ ಕಾಗದ ಬಂದ ಹೊತ್ತಿಗೇ ಬರಬೇಕು. ಸಾಲ ವಸೂಲಿಯವರ ಕೈಗೆ ಹೋದ ಮೇಲೆ ನಮ್ಮ ಮ್ಯಾನೇಜರ್ ಫೋನೇ ಎತ್ತುತ್ತಿರಲಿಲ್ಲ. ಶನಿವಾರ ರಾತ್ರಿ ಮಾತ್ರ ಹೋಗಬೇಡಿ. ಹಾಗೆ ಬಂದು ಕಿರುಚಿದವರಿಗೆ ಯಾರೂ ಸಹಾಯ ಮಾಡಲಿಲ್ಲ.

ಲೆಸ್ಟರ್ ಶಿವಮೊಗ್ಗ: ಟ್ಯಾಬ್ಲೆಟ್ ಇದೆ ಅಂತ ನೀವೇ ಒಂದು ಮಾತು ಹೇಳಿದ್ದರೆ ಇಷ್ಟೆಲ್ಲ ಯಾಕೆ ಬೇಕಿತ್ತು?

ಟ್ರೇ ಹೊತ್ತವ: ಅಕ್ಕಾ, ಒಂದು ಕೈಲಿ ಆರು ತಟ್ಟೆ. "ಸಾಂಬಾರ್ ಇನ್ನೊಂದು ಬಟ್ಟಲು ಫ್ರೀ ಅಲ್ವಾ" ಅಂತ ಕೇಳುವವರಿಗೆ ಉತ್ತರ ಕೊಡಲಾ, ಗಾಡಿ ನಂಬರ್ ಕೇಳಲಾ?

ಗ್ಲಾಸ್ಗೋ ಗೌಡ: ಸಾಂಬಾರ್ ಫ್ರೀ ಇರಲೇಬೇಕು. ಅದಕ್ಕೂ ದುಡ್ಡು ತಗೊಳ್ಳುವ ಹೋಟೆಲ್ ಯಾವುದು?