ಮಣಿಪುರದ ಅಜ್ಜಿಯ ವಾಯ್ಸ್ ಮೆಸೇಜ್ ಫೇಸ್‌ಬುಕ್‌ಗೆ ಹಾಕಬಹುದಾ?

ಜಯನಗರದವಳು:
ನನ್ನ ರೂಮ್‌ಮೇಟ್ ಇಂಫಾಲದವಳು. ಅವಳ ಲೈಕಾಯ್‌ಗೆ, ಅಂದರೆ ಓಣಿಗೆ, ಒಂದು ವಾಟ್ಸಾಪ್ ಗ್ರೂಪ್ ಇದೆ. 2023ರ ಮೇ ತಿಂಗಳಲ್ಲಿ ಗಲಭೆ ಶುರುವಾದ ಮೇಲೆ ಅಲ್ಲಿ ತಿಂಗಳುಗಟ್ಟಲೆ ಮೊಬೈಲ್ ಇಂಟರ್ನೆಟ್ ಇರಲಿಲ್ಲ. ಗ್ರೂಪ್ ಸದ್ದಿಲ್ಲದೆ ಬಿದ್ದಿತ್ತು. ಈಗ ರಾತ್ರಿ ಊಟದ ಹೊತ್ತಿಗೆ ಅವಳ ಅಜ್ಜಿಯ ವಾಯ್ಸ್ ಮೆಸೇಜ್ ಬರುತ್ತದೆ. ಮೊನ್ನೆ ಲಾಯ್ ಖುತ್ಸಾಂಗ್ಬಿ ಕತೆ ಬಂತು. ಉದ್ದ ಕೈಯ ರಾಕ್ಷಸಿ ಅವಳು, ರಾತ್ರಿ ಮನೆಯೊಳಕ್ಕೆ ಕೈ ಚಾಚುತ್ತಾಳೆ. ಆ ಜಾಗಕ್ಕೆ ಬಂದಾಗ ಅಜ್ಜಿ ದನಿ ಇಳಿಸಿದರು, ಹಿಂದೆ ಯಾರೋ ಪಾತ್ರೆ ತೊಳೆಯುವ ಸದ್ದು. ಭಾಷೆ ಬಾರದ ನನಗೂ ಮೈ ಜುಮ್ಮೆಂದಿತು! ಆದರೆ ಅದೇ ಮೆಸೇಜಿನ ಕೊನೆಗೆ ಪಕ್ಕದ ಮನೆಯವರ ಸುದ್ದಿಯೂ ಇದೆ. ಕತೆಯನ್ನು ಕನ್ನಡದಲ್ಲಿ ಬರೆದು, ಆಡಿಯೋ ಸಮೇತ ಹಾಕುವ ಆಸೆ. ಹಾಕಲಾ?

ಇಂಫಾಲದಲ್ಲಿದ್ದವನು:
ನಾಲ್ಕು ವರ್ಷ ಅಲ್ಲಿದ್ದೆ. ಇಂಥ ಕತೆಗೆ ಫುಂಗಾ ವಾರಿ ಅನ್ನುತ್ತಾರೆ. ಫುಂಗಾ ಅಂದರೆ ಒಲೆ, ವಾರಿ ಅಂದರೆ ಕತೆ. ಒಲೆ ಸುತ್ತ ಕೂತ ಮಕ್ಕಳಿಗೆ ಅಜ್ಜ ಅಜ್ಜಿ ಹೇಳುವಂಥದ್ದು. ಅಜ್ಜಿಯನ್ನು ಒಂದು ಮಾತು ಕೇಳಿ ಧಾರಾಳವಾಗಿ ಹಾಕಿ. ಪಕ್ಕದ ಮನೆ ಸುದ್ದಿ ಮಾತ್ರ ಬೇಡ. ಇಮಾ ಕೈಥೆಲ್ ಅಂತ ಹೆಂಗಸರೇ ನಡೆಸುವ ಮಾರ್ಕೆಟ್ ಇದೆಯಲ್ಲ, ಅಲ್ಲಿ ನನಗೆ ಮೀನು ಕೊಡುತ್ತಿದ್ದ ಇಮಾ, ಅಂದರೆ ಅಮ್ಮ, ಊರ ಸುದ್ದಿಯೆಲ್ಲ ಹೇಳುತ್ತಿದ್ದರು. ತಪ್ಪಿದರೆ ಪಕ್ಕದಲ್ಲಿ ಕೂತವರು ಅಲ್ಲೇ ತಿದ್ದುತ್ತಿದ್ದರು. ಫೇಸ್‌ಬುಕ್‌ನಲ್ಲಿ ಪಕ್ಕದಲ್ಲಿ ಯಾರಿರುತ್ತಾರೆ?

ಸಂಪಿಗೆ:
2012ರ ಆಗಸ್ಟ್ ನೆನಪಿದೆಯಾ? ಈಶಾನ್ಯದವರ ಮೇಲೆ ಹಲ್ಲೆ ಆಗುತ್ತದೆ ಅಂತ ಬೆಂಗಳೂರಲ್ಲಿ ಮೆಸೇಜ್ ಹರಡಿ, ಸಾವಿರಾರು ಜನ ಗುವಾಹಟಿ ರೈಲು ಹತ್ತಿದರು. ನಮ್ಮ ಮಹಡಿ ಮೇಲಿದ್ದ ಮಣಿಪುರದ ಹುಡುಗರಿಬ್ಬರು ಒಲೆ ಮೇಲಿನ ಅನ್ನವನ್ನೂ ಬಿಟ್ಟು ಹೊರಟರು. "ಯಾರಪ್ಪಾ ಹೇಳಿದ್ದು?" ಅಂತ ಅಮ್ಮ ಮೆಟ್ಟಿಲ ತನಕ ಹಿಂದೆ ಹೋದರು. ಎಲ್ಲರಿಗೂ ಬಂದಿದೆ ಅಂದರೇ ಹೊರತು, ಯಾರ ಹೆಸರೂ ಅವರ ಬಾಯಲ್ಲಿ ಬರಲಿಲ್ಲ. ಅಮ್ಮನೇ ಹೋಗಿ ಒಲೆ ಆರಿಸಿದರು. ಆವತ್ತಿಂದ ನಾನು ಯಾರ ಮನೆ ಸುದ್ದಿಯನ್ನೂ ಫಾರ್ವರ್ಡ್ ಮಾಡುವುದಿಲ್ಲ. ಆ ಭಾಗ ಕತ್ತರಿಸಿಬಿಡಿ, ದಯವಿಟ್ಟು.

ಜಯನಗರದವಳು:
ಇವತ್ತು ವಿಡಿಯೋ ಕಾಲ್‌ನಲ್ಲಿ ಅಜ್ಜಿಯನ್ನೇ ಕೇಳಿದೆವು. ಕತೆ ಹಾಕಿ, ಆದರೆ ತಮ್ಮ ಲೈಕಾಯ್ ಹೆಸರು ಹೇಳಲೇಬೇಕು ಅಂದರು. ಪಕ್ಕದ ಮನೆ ಸುದ್ದಿ ಅರ್ಧ ತಪ್ಪಂತೆ, ಮರುದಿನ ಆ ಮನೆಯವರೇ ಬಂದು ಸರಿಯಾದದ್ದು ಹೇಳಿ ಹೋದರಂತೆ. ಅದನ್ನು ಕತ್ತರಿಸಿದ್ದೇನೆ. ಪಾತ್ರೆ ಸದ್ದು ಹಾಗೇ ಇರಲಿ ಅಂತ ಬಿಟ್ಟಿದ್ದೇನೆ.