ವೆರಿಕೋಸಿಲ್ ಆಪರೇಷನ್ ಆಗಿ ಆರು ವಾರ, ನರ ಇನ್ನೂ 3.1 ಮಿಮೀ. ವಾಪಸ್ ಬಂತಾ?

ಸೋಮವಾರಪೇಟೆಯವನು:
ಎಡಗಡೆ ವೃಷಣದ ಮೇಲಿನ ನರ, ಅಂದರೆ ರಕ್ತನಾಳ, ಹಿಗ್ಗಿತ್ತು. ಅದಕ್ಕೇ ವೆರಿಕೋಸಿಲ್ ಅಂತಾರೆ. ಮೈಸೂರಲ್ಲಿ ಮೈಕ್ರೋಸ್ಕೋಪ್ ಇಟ್ಟು ಆಪರೇಷನ್ ಮಾಡಿದ್ದರು. ಈಗ ಮೆಣಸು ಕೊಯ್ಲು, ಮೊನ್ನೆ ಏಣಿ ಹತ್ತಿ ಇಳಿದ ದಿನ ಸಂಜೆ ಆ ಕಡೆ ಭಾರ ಅನ್ನಿಸಿತು. ಹೆದರಿ ನಾನೇ ಹೋಗಿ ಸ್ಕ್ಯಾನ್ ಮಾಡಿಸಿದೆ. ನರದ ಅಗಲ ಮುಂಚೆ 4.2 ಮಿಮೀ ಇತ್ತು, ಈಗ 3.1 ಅಂತ ಬರೆದಿದ್ದಾರೆ. ಮದುವೆಯಾಗಿ ಮೂರು ವರ್ಷ, ಮಗುವಿಗೋಸ್ಕರವೇ ಮಾಡಿಸಿದ್ದು. ಹೆಂಡತಿಗೆ ಇನ್ನೂ ಹೇಳಿಲ್ಲ.

ವಿರಾಜಪೇಟೆ ಅಣ್ಣ:
ಮಿಮೀ ನೋಡಿ ಹೆದರಬೇಡ ತಮ್ಮ. ಡಾಕ್ಟರ್ ಕಟ್ಟಿದ್ದು ಮೇಲಿನ ನರಗಳನ್ನು, ಕೆಳಗೆ ಹಿಗ್ಗಿ ಹೋದವು ಅಲ್ಲೇ ಇರುತ್ತವೆ, ಕುಗ್ಗೋಕೆ ತಿಂಗಳುಗಳೇ ಬೇಕು, ಕೆಲವರಿಗೆ ಪೂರ್ತಿ ಕುಗ್ಗುವುದೂ ಇಲ್ಲ. ಮುಖ್ಯವಾದದ್ದು ರಕ್ತ ಮತ್ತೆ ಕೆಳಕ್ಕೆ ಹರಿಯುತ್ತಿದೆಯಾ ಅನ್ನೋದು, ಅದಕ್ಕೆ ರಿಫ್ಲಕ್ಸ್ ಅಂತಾರೆ. ನಿನ್ನನ್ನು ನಿಲ್ಲಿಸಿ, ಉಸಿರು ಬಿಗಿಹಿಡಿಸಿ ತಿಣುಕಿಸಿ ನೋಡಿದ್ರಾ? ನನ್ನ ಮೊದಲ ಸ್ಕ್ಯಾನ್‌ನಲ್ಲಿ ಸುಮ್ನೆ ಮಲಗಿಸಿ ಎರಡೇ ನಿಮಿಷಕ್ಕೆ ಮುಗಿಸಿದ್ದರು. ಆ ಒಂದು ಕಾಗದ ಇಟ್ಟುಕೊಂಡು ತಿಂಗಳುಗಟ್ಟಲೆ ನಿದ್ದೆ ಕೆಟ್ಟೆ.

ಮಡಿಕೇರಿ ನರ್ಸ್:
ಅಣ್ಣ ಹೇಳಿದ್ದು ಸರಿ. ಮಗುವಿಗೋಸ್ಕರ ಅಂದರೆ ಸ್ಕ್ಯಾನ್‌ಗಿಂತ ವೀರ್ಯ ಪರೀಕ್ಷೆ ಮುಖ್ಯ. ವೀರ್ಯಾಣು ತಯಾರಾಗೋಕೆ ಸುಮಾರು ಎರಡೂವರೆ ತಿಂಗಳು ಬೇಕು, ಹಾಗಾಗಿ ಆಪರೇಷನ್ ಆಗಿ ಮೂರು ತಿಂಗಳಿಗೆ ಮೊದಲು ಮಾಡಿಸಿದರೆ ಹಳೇ ಲೆಕ್ಕವೇ ಸಿಗುತ್ತದೆ. ಮೈಕ್ರೋಸ್ಕೋಪ್‌ನಲ್ಲಿ ಮಾಡಿದರೆ ವಾಪಸ್ ಬರೋದು ಸಾಮಾನ್ಯವಾಗಿ ನೂರಕ್ಕೆ ಒಂದೆರಡು ಜನಕ್ಕೆ ಅಷ್ಟೇ. ಆದರೆ ಮೆಣಸಿನ ಚೀಲ ತುಂಬಿಕೊಂಡು ಏಣಿ ಹತ್ತಬಹುದಾ ಅಂತ ಆಪರೇಷನ್ ಮಾಡಿದ ಡಾಕ್ಟರನ್ನೇ ಕೇಳಿ. ಆ ಕಡೆ ಊದಿಕೊಂಡರೆ ತೋರಿಸಿ, ನೀರು ತುಂಬಿಕೊಂಡಿರಬಹುದು. ಜೋರು ನೋವೋ ಜ್ವರವೋ ಬಂದರೆ ಕಾಯಲೇಬೇಡಿ.

ಗೋಣಿಕೊಪ್ಪದಿಂದ:
ನನಗೆ ನಿಜಕ್ಕೂ ವಾಪಸ್ ಬಂತು. ನಿಂತಾಗ ಕೈಗೇ ಸಿಗುತ್ತಿತ್ತು, ರಕ್ತದ ಹರಿವು ತೋರಿಸೋ ಡಾಪ್ಲರ್ ಸ್ಕ್ಯಾನ್‌ನಲ್ಲಿ ರಿಫ್ಲಕ್ಸ್ ಕೂಡ ಕಾಣಿಸಿತು. ಮತ್ತೆ ಕೊಯ್ಯಲಿಲ್ಲ, ತೊಡೆಸಂದಿಯ ನರದಿಂದ ಸಣ್ಣ ಟ್ಯೂಬ್ ಬಿಟ್ಟು ಒಳಗೇ ಕಾಯಿಲ್ ಅನ್ನೋ ಸಣ್ಣ ಲೋಹದ ಸುರುಳಿ ಇಟ್ಟು ಆ ನರ ಮುಚ್ಚಿದರು. ಎಂಬೊಲೈಸೇಷನ್ ಅಂತಾರೆ. ಬಂದರೂ ದಾರಿ ಇದೆ.

ಸೋಮವಾರಪೇಟೆಯವನು:
ಈಗ ರಿಪೋರ್ಟ್ ತೆಗೆದು ನೋಡಿದೆ. ರಿಫ್ಲಕ್ಸ್ ಬಗ್ಗೆ ಒಂದಕ್ಷರ ಇಲ್ಲ, ನನ್ನನ್ನೂ ಮಲಗಿಸಿಯೇ ನೋಡಿದ್ದು. ಎರಡೂ ಸ್ಕ್ಯಾನ್ ಹಿಡಿದು ಸೋಮವಾರ ಡಾಕ್ಟರ್ ಹತ್ತಿರ ಹೋಗುತ್ತೇನೆ. ಹೆಂಡತಿಗೂ ಹೇಳಿದೆ. ಅವಳೂ ಬರುತ್ತಾಳಂತೆ.