ಪಿಕಪ್ ಮೇಲೆ ಹ್ಯಾಮ್ ಆಂಟೆನಾ: ಯಾವುದು, ಎಲ್ಲಿ ಕೂರಿಸಬೇಕು?

ಪ್ರಶ್ನೆ (ಸೋಮವಾರಪೇಟೆ): ಹ್ಯಾಮ್ (ಹವ್ಯಾಸಿ ರೇಡಿಯೊ) ಲೈಸೆನ್ಸ್ ಇದೆ, 145 ಮೆಗಾಹರ್ಟ್ಸ್, 50 ವ್ಯಾಟ್ ರೇಡಿಯೊ ಸೆಟ್. ಗಾಡಿ ಕಾಫಿ ತೋಟದೊಳಗೂ ಓಡುತ್ತೆ. ಉದ್ದದ ಆಂಟೆನಾ ಹಾಕ್ಲಾ, ಗಿಡ್ಡದ್ದಾ?

ಉತ್ತರ (ಮಡಿಕೇರಿ): ಕಾಲು ತರಂಗದ (ರೇಡಿಯೊ ಅಲೆಯ ಉದ್ದದ ಕಾಲುಭಾಗದ) ಕಡ್ಡಿಯೇ ಸಾಕು ಸರ್, ಸುಮಾರು 49 ಸೆಂಟಿಮೀಟರ್. ಅಲೆಯ ಎಂಟರಲ್ಲಿ ಐದು ಭಾಗ (5/8) ಉದ್ದದ್ದು ಬಯಲಲ್ಲಿ ದೂರ ಹೋಗುತ್ತೆ ನಿಜ, ಆದರೆ ಒಂದೂಕಾಲು ಮೀಟರ್ ಉದ್ದ. ಸಿಲ್ವರ್ ಓಕ್ ಕೊಂಬೆಗೆ ಬಡಿದು ಬುಡವೇ ಸಡಿಲವಾಗುತ್ತೆ. ಕ್ಯಾಬಿನ್ ಚಾವಣಿಯ ನಟ್ಟನಡುವೆ ಕೂರಿಸಿ. ಅಂಚಿಗೆ ಹಾಕಿದರೆ ಸಿಗ್ನಲ್ ಒಂದು ಕಡೆಗೆ ವಾಲುತ್ತೆ.

ಕಡ್ಡಿಯನ್ನು ಮೊದಲು 51 ಸೆಂಟಿಮೀಟರ್‌ಗೆ ಕತ್ತರಿಸಿ, ಎಸ್‌ಡಬ್ಲ್ಯುಆರ್ ಮೀಟರ್ (ಆಂಟೆನಾದಿಂದ ಪವರ್ ಎಷ್ಟು ವಾಪಸ್ ಬರುತ್ತೆ ಅಂತ ತೋರಿಸುವುದು) ಹಾಕಿ 144 ಮೆಗಾಹರ್ಟ್ಸ್‌ನಲ್ಲೂ 146ರಲ್ಲೂ ನೋಡಿ. 146ಕ್ಕಿಂತ 144ರಲ್ಲಿ ಮೀಟರ್ ಕಡಿಮೆ ತೋರಿಸಿದರೆ ಕಡ್ಡಿ ಉದ್ದವಾಗಿದೆ ಅಂತ. ಒಂದು ಸಲಕ್ಕೆ 3 ಮಿಲಿಮೀಟರ್‌ಗಿಂತ ಹೆಚ್ಚು ಕತ್ತರಿಸಲೇಬೇಡಿ; ಅಷ್ಟಕ್ಕೇ ಆಂಟೆನಾ ಹೊಂದುವ ಫ್ರೀಕ್ವೆನ್ಸಿ ಹೆಚ್ಚುಕಮ್ಮಿ 1 ಮೆಗಾಹರ್ಟ್ಸ್ ಮೇಲಕ್ಕೆ ಸರಿಯುತ್ತೆ. ಬಾಗಿಲು ಮುಚ್ಚಿ, ಮರದಿಂದ ದೂರ ನಿಲ್ಲಿಸಿ ಅಳೆಯಿರಿ.

ಉತ್ತರ (ಭಾಗಮಂಡಲ): ನಮ್ಮ ಮಳೆಗೆ ಮುಖ್ಯ ಶತ್ರು ನೀರು. ಆಂಟೆನಾ ಕೇಬಲ್‌ನ ತಾಮ್ರದ ತಂತಿ ಹೆಣಿಗೆಯೊಳಗೆ ನೀರು ಇಳಿದರೆ ತಾಮ್ರ ಕಪ್ಪಾಗಿ, ಮೀಟರ್ ಚೆನ್ನಾಗಿ ತೋರಿಸುತ್ತಲೇ ಸಿಗ್ನಲ್ ಸಾಯುತ್ತೆ: ವಾಪಸ್ ಬರುವ ಪವರ್ ಕೇಬಲ್‌ನಲ್ಲೇ ಕರಗುತ್ತೆ, ಅದಕ್ಕೇ. ಕನೆಕ್ಟರಿಗೆ ತಾನೇ ಅಂಟಿಕೊಳ್ಳುವ ರಬ್ಬರ್ ಟೇಪನ್ನು ಎಳೆದೆಳೆದು, ಕೆಳಗಿನಿಂದ ಮೇಲಕ್ಕೆ ಸುತ್ತಿ. ಬಾಗಿಲ ಬಳಿ ಕೇಬಲ್‌ಗೆ ಕೆಳಮುಖ ಬಳುಕು ಬಿಡಿ, ಹನಿ ಅಲ್ಲೇ ತೊಟ್ಟಿಕ್ಕುತ್ತೆ. ಆರ್‌ಜಿ-58 (ತೆಳು ಆಂಟೆನಾ ಕೇಬಲ್) 4 ಮೀಟರ್ ಮೀರದಿರಲಿ.

ಉತ್ತರ (ಮಡಿಕೇರಿ): ಹಾಂ, ಕರೆಂಟು ನೇರ ಬ್ಯಾಟರಿಯಿಂದ ಎಳೆಯಿರಿ, ಬ್ಯಾಟರಿ ಪಕ್ಕದಲ್ಲೇ 15 ಆಂಪಿಯರ್ ಫ್ಯೂಸ್. ದೊಡ್ಡ ಲಾರಿಯಾದರೆ 24 ವೋಲ್ಟ್; 12 ವೋಲ್ಟ್‌ಗೆ ಇಳಿಸುವ ಕನ್ವರ್ಟರ್ ಇಲ್ಲದೆ ಕೊಟ್ಟರೆ ಸೆಟ್ ಸುಟ್ಟೇ ಹೋಗುತ್ತೆ.